ಅಕ್ಕನ ಗಾಳಿಗೆ ಒಂದು ಪೈಪು

ನಮ್ಮಕ್ಕನ ಧ್ವನಿ ಕುರುಗೋಡಿನಲ್ಲಿ ಒಂದು ಸಾರ್ವಜನಿಕ ಸೌಲಭ್ಯವಾಗಿತ್ತು. ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ಭಾವನನ್ನು ಚಹಕ್ಕೆ ಕರೆದರೆ ಆ ಓಣಿಯ ಉಳಿದ ಗಂಡಸರೂ ಎದ್ದು ತಮ್ಮ ತಮ್ಮ ಮನೆಯಲ್ಲಿ ಚಹಾ ಕೇಳುತ್ತಿದ್ದರು. ಬಳ್ಳಾರಿಯಲ್ಲಿದ್ದ ನಾನು ಅವಳ ಫೋನ್ ಬಂದರೆ ಅದನ್ನು ಅಡುಗೆಕಟ್ಟೆಯ ಮೇಲಿಟ್ಟು ರೊಟ್ಟಿ ಬಡಿಯುತ್ತಲೇ ಮಾತಾಡುತ್ತಿದ್ದೆ, ಸ್ಪೀಕರ್ ಹಾಕುವ ಅಗತ್ಯವೇ ಬೀಳುತ್ತಿರಲಿಲ್ಲ. ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮನೆಯವರು ಅಲ್ಲಿಂದಲೇ ಅವಳ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು.

ಅಂಥ ಧ್ವನಿ ಹೋದ ವರ್ಷ ಹೊರಟುಹೋಯಿತು. ಗಂಟಲಲ್ಲಿ ಗಡ್ಡೆ ಬೆಳೆದಿತ್ತು, ಆಪರೇಷನ್ ಮಾಡಲೇಬೇಕಿತ್ತು. ಧ್ವನಿಯ ನರ ಗಡ್ಡೆಗೇ ಅಂಟಿಕೊಂಡಿದೆ, ಭರವಸೆ ಕೊಡಲಾರೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಕ್ಕ ಆಗ, ಧ್ವನಿ ಇನ್ನೂ ಇದ್ದದ್ದರಿಂದ, ಇಡೀ ವಾರ್ಡಿಗೆ ಕೇಳುವಂತೆ, "ಜೀವ ಉಳಸ್ರಿ ಸಾಕು, ಮಾತು ಯಾರಿಗೆ ಬೇಕಾಗೈತಿ" ಎಂದಿದ್ದಳು. ಹಾಗೇ ಆಯಿತು. ಜೀವ ಉಳಿಯಿತು, ಮಾತಿನ ಜಾಗದಲ್ಲಿ ಬರೀ ಗಾಳಿ ಉಳಿಯಿತು. ಈಗ ಅವಳು ಮಾತಾಡಿದರೆ ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟ ಹಾಗೆ ಸುಸ್ ಸುಸ್ ಅನ್ನುತ್ತದೆ, ಪಕ್ಕದಲ್ಲೇ ಕೂತವರಿಗಷ್ಟೇ ತಿಳಿಯುತ್ತದೆ.

ಪಕ್ಕದಲ್ಲಿ ಕೂತರೂ ತಿಳಿಯದ ಒಬ್ಬರು ಅಂದರೆ ನಮ್ಮ ಭಾವ. ಅವರು ಹಿಟ್ಟಿನ ಗಿರಣಿ ನಡೆಸಿದವರು. ಜೀವಮಾನವಿಡೀ ಬೆಲ್ಟಿನ ಪಕ್ಕದಲ್ಲಿ ನಿಂತು ಜೋಳ ಬೀಸಿ ಬೀಸಿ ಅವರ ಕಿವಿಗೆ ತೆಳ್ಳನೆಯ ಸದ್ದು ಯಾವುದೂ ಬೀಳದ ಹಾಗಾಗಿತ್ತು. ದಪ್ಪ ಸದ್ದು ಬೀಳುತ್ತಿತ್ತು. ಟ್ರ್ಯಾಕ್ಟರು ಕೇಳುತ್ತಿತ್ತು, ಗುಡುಗು ಕೇಳುತ್ತಿತ್ತು, ನಮ್ಮಕ್ಕ ಕೇಳುತ್ತಿದ್ದಳು. ಅಷ್ಟು ಕೇಳಿದರೆ ಸಂಸಾರ ನಡೆಯುತ್ತದಲ್ಲ, ನಡೆದಿತ್ತು. ಕಿವಿಗೆ ಮಶೀನು ಕೊಡಿಸಿದ್ದೂ ಆಯಿತು. ಅದನ್ನು ಹಾಕಿಕೊಂಡರೆ ಗಿರಣಿ ತಲೆಯೊಳಗೇ ಶುರುವಾದ ಹಾಗೆ ಆಗುತ್ತದೆ ಎಂದು ಅವರು ಅದನ್ನು ದೇವರ ಗೂಡಿನಲ್ಲಿಟ್ಟು ದಿನಾ ವಿಭೂತಿಯ ಜೊತೆಗೆ ಅದಕ್ಕೂ ಕೈ ಮುಗಿಯುತ್ತಿದ್ದರು.

ಆಪರೇಷನ್ ಆದ ಮೇಲೆ ಮೊದಲ ತಿಂಗಳು ಅಕ್ಕ ಧೈರ್ಯವಾಗಿಯೇ ಇದ್ದಳು. ಭಾವನನ್ನು ಕರೆಯಬೇಕಾದರೆ ಏನಾದರೂ ಎಸೆಯುತ್ತಿದ್ದಳು. ಮೊದಲು ಬದನೆಕಾಯಿ, ಆಮೇಲೆ ಚಪ್ಪಲಿ. ಗುರಿ ತಪ್ಪಿ ಒಂದು ಈರುಳ್ಳಿ ಪಕ್ಕದ ಮನೆಯ ಹಿರಿಯರಿಗೆ ಬಿದ್ದ ಮೇಲೆ ಎಸೆಯುವುದು ನಿಂತಿತು. ಆಮೇಲೆ ಪ್ರತಿ ಸಲ ಎದ್ದು ಹೋಗಿ ಅವರ ಭುಜ ಮುಟ್ಟತೊಡಗಿದಳು. ಭಾವ ಪ್ರತಿ ಸಲವೂ ಹಾವು ಮುಟ್ಟಿದವರಂತೆ ಹಾರಿ ಬೀಳುತ್ತಿದ್ದರು. ಕೊನೆಗೆ ಅವಳು ಮುಟ್ಟುವುದನ್ನೂ ಬಿಟ್ಟಳು.

ನಾನು ಒಮ್ಮೆ ಹೋದಾಗ ಇಬ್ಬರೂ ಊಟಕ್ಕೆ ಕೂತಿದ್ದರು. ಅಕ್ಕ ಬಡಿಸಿದಳು, ಭಾವ ಉಂಡರು, ಎದ್ದು ಹೋದರು. ಒಂದು ಮಾತಿಲ್ಲ. ಅವರದೇನೂ ಜಗಳವಲ್ಲ, ಅದೇ ನನಗೆ ತಡೆಯಲಾಗಲಿಲ್ಲ. ಜಗಳವಾಗಿದ್ದರೆ ನಾನು ಒಬ್ಬರ ಕಡೆ ಸೇರಿಕೊಂಡು ಇನ್ನಷ್ಟು ಹೊತ್ತಿಸಿ ಬರುತ್ತಿದ್ದೆ.

"ಯಾಕ ಸುಮ್ಮನದಿ?" ಎಂದು ಕೇಳಿದೆ.

ಅಕ್ಕ ನನ್ನ ಕಿವಿಯ ಹತ್ತಿರ ಬಂದು ಸುಸ್ ಎಂದಳು. "ಏನ್ ಮಾಡ್ಲಿ? ನಾನು ಕರದ್ರ ಅವರಿಗೆ ಕೇಳಂಗಿಲ್ಲ. ಕರಿಯಾಕ ಬರಲಾರದಾಕಿ ಮನ್ಯಾಗ ಇದ್ರೇನು, ಬಿಟ್ರೇನು."

ನನಗೆ ಸಿಟ್ಟು ಬಂತು. ನನಗೆ ದುಃಖ ಬಂದರೂ ಸಿಟ್ಟಾಗಿಯೇ ಬರುತ್ತದೆ, ನಮ್ಮನೆಯವರನ್ನು ಕೇಳಿ ನೋಡಿ. ನಾನು ಬಳ್ಳಾರಿಯ ಒಂದು ಶಾಲೆಯಲ್ಲಿ ಕ್ರಾಫ್ಟ್ ಟೀಚರು. ಪಪ್ಪಾಯಿ ಎಲೆಯ ದಂಟಿನಿಂದ ಪೀಪಿ ಮಾಡುವುದು, ಬಿದಿರಿನ ತುಂಡಿನಿಂದ ಸೀಟಿ ಮಾಡುವುದು ನನಗೆ ಎಡಗೈಯ ಕೆಲಸ. ಧ್ವನಿ ಹೋಗಿದೆ, ಗಾಳಿ ಇದೆ. ಗಾಳಿಯನ್ನು ಧ್ವನಿ ಮಾಡುವ ಸಾಮಾನಿಗೆ ಸೀಟಿ ಎನ್ನುತ್ತಾರೆ. ಇಷ್ಟು ಸರಳವಾದದ್ದು ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನ್ನನ್ನು ಬಿಟ್ಟು ಉಳಿದವರನ್ನೆಲ್ಲ ಮನಸ್ಸಿನಲ್ಲೇ ಬೈದೆ.

ಮೊದಲು ಅಂಗಡಿಯ ಪ್ಲಾಸ್ಟಿಕ್ ಸೀಟಿಯೊಂದನ್ನು ಕೆಂಪು ದಾರ ಕಟ್ಟಿ ಅಕ್ಕನ ಕೊರಳಿಗೆ ಹಾಕಿದೆ. ಪಕ್ಕದ ಮನೆಯ ಹೆಂಗಸು, "ಹೆಣ್ಮಕ್ಕಳು ಸೀಟಿ ಹೊಡಿಯೋದು ಮನಿಗೆ ಛಲೋ ಅಲ್ಲ ರೀ" ಎಂದಳು. ಗಂಡಸರು ಹೊಡೆದರೆ ಯಾವ ಮನೆಗೆ ಛಲೋ ಆಗಿದೆ ಅಂತ ಕೇಳಿದೆ. ಅವಳು ಒಳಗೆ ಹೋದಳು.

ಅಕ್ಕನ ಮನೆ ರಸ್ತೆಯ ಮೇಲಿದೆ, ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲೇ. ಎದುರಿಗೆ ಈಗ ಮುಚ್ಚಿರುವ ಗಿರಣಿ, ಅದರ ಕಟ್ಟೆಯ ಮೇಲೆ ಭಾವ. ಬಳ್ಳಾರಿಯ ಬಸ್ಸು ಬಂದು ನಿಂತಿತ್ತು. ಕಂಡಕ್ಟರು ಇಳಿದು ಚಹದಂಗಡಿಗೆ ಹೋಗಿದ್ದ. ಅಕ್ಕ ಹೊಸ್ತಿಲಲ್ಲಿ ನಿಂತು ಒಂದು ಸಲ ಊದಿದಳು. ಭಾವ ಅಲುಗಾಡಲಿಲ್ಲ. ಅವಳು ಉಸಿರು ತುಂಬಿಕೊಂಡು ಬೆನ್ನುಬೆನ್ನಿಗೆ ಎರಡು ಸಲ ಊದಿದಳು.

ನಮ್ಮ ಕಡೆಯ ಬಸ್ಸಿನಲ್ಲಿ ಒಂದು ಸೀಟಿ ಅಂದರೆ ನಿಲ್ಲಿಸು, ಎರಡು ಸೀಟಿ ಅಂದರೆ ಹೊರಡು. ಡ್ರೈವರು ಹಿಂದೆ ತಿರುಗಿಯೂ ನೋಡದೆ ಗಾಡಿ ಎಳೆದುಕೊಂಡು ಹೊರಟೇಬಿಟ್ಟ. ಕಂಡಕ್ಟರು ಒಂದು ಕೈಯಲ್ಲಿ ಚಹದ ಲೋಟ, ಇನ್ನೊಂದರಲ್ಲಿ ಟಿಕೆಟ್ ಮಶೀನು ಹಿಡಿದು ಹಿಂದೆ ಓಡಿದ. ಭಾವ ಆಗ ತಲೆಯೆತ್ತಿ ನೋಡಿ, ನಮ್ಮ ಕಡೆ ತಿರುಗಿ, "ಅವಾ ಯಾಕ ಓಡಾಕ ಹತ್ಯಾನ?" ಎಂದು ಕೇಳಿದರು. ಮರುದಿನ ಅದೇ ಕಂಡಕ್ಟರು ಬಂದು ಕೈ ಮುಗಿದ. "ಅಮ್ಮಾರ, ನೀವು ರೈಟ್ ಕೊಡಬ್ಯಾಡ್ರಿ. ನನ್ನ ನೌಕರಿ ಐತಿ ಅದರ ಮ್ಯಾಲೆ." ಆ ಸೀಟಿಯನ್ನು ಅಕ್ಕ ಅವನಿಗೇ ಕೊಟ್ಟುಬಿಟ್ಟಳು.

ಆಮೇಲೆ ನಾನು ಒಂದು ಭಾನುವಾರ ಭಾವನ ಬೆನ್ನ ಹಿಂದೆ ಕೂತು ಪರೀಕ್ಷೆ ಮಾಡಿದೆ. ಸ್ಟೀಲಿನ ಲೋಟಕ್ಕೆ ಚಮಚ ಬಡಿದರೆ ಕೇಳಲಿಲ್ಲ. ಹಿತ್ತಾಳೆ ಗಂಟೆ ಕೇಳಲಿಲ್ಲ. ಖಾಲಿ ಎಣ್ಣೆ ಡಬ್ಬ ಬಡಿದೆ, ಕೇಳಿತು. ಆದರೆ ಭಾವ ಗಡಬಡಿಸಿ ಎದ್ದು, ಚಪ್ಪಲಿ ಬಿಟ್ಟು, ರಸ್ತೆಗೆ ಹೋಗಿ ಕೈ ಮುಗಿದು ನಿಂತರು. ಹೆಣದ ಮುಂದೆ ಹಲಗೆ ಬಡಿಯುತ್ತಿದ್ದಾರೆ ಅಂದುಕೊಂಡಿದ್ದರು. "ಯಾರು ಹೋದ್ರು?" ಎಂದು ದಾರಿಯಲ್ಲಿ ಬರುವವರನ್ನೆಲ್ಲ ಕೇಳಿದರು. ಸಂಜೆಯೊಳಗೆ ಊರಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂಬ ಸುದ್ದಿ ಹಬ್ಬಿ, ತೀರಿಕೊಂಡವರು ಯಾರು ಎಂಬುದನ್ನು ಮಾತ್ರ ಜನ ತಮಗೆ ತೋಚಿದಂತೆ ತುಂಬಿಕೊಂಡರು.

"ಡಬ್ಬನ ಬಡಿ ಅಕ್ಕ, ಕೇಳತೈತಿ" ಎಂದೆ.

ಅಕ್ಕ ತಲೆ ಅಲ್ಲಾಡಿಸಿದಳು. "ಡಬ್ಬ ಬಡದ್ರ ಸಾವಿನ ಸುದ್ದಿ ಆಗತೈತಿ. ನನಗ ಕರದಂಗ ಆಗ್ಬೇಕು. ನನ್ನ ಬಾಯಿಂದ ಹೋಗ್ಬೇಕು."

ಸರಿ. ಬಾಯಿಂದ ಹೋಗಬೇಕು, ದಪ್ಪಗೆ ಹೋಗಬೇಕು. ಸೀಟಿಯ ವಿಷಯದಲ್ಲಿ ಇರುವುದು ಒಂದೇ ನಿಯಮ: ಕೊಳವೆ ಸಣ್ಣದು, ಗಿಡ್ಡದು ಆದಷ್ಟೂ ಸದ್ದು ತೆಳ್ಳಗೆ, ಅಗಲ, ಉದ್ದ ಆದಷ್ಟೂ ದಪ್ಪ. ನನಗೆ ಬೇಕಾದದ್ದು ಹೆಬ್ಬೆರಳು ಸಲೀಸಾಗಿ ಇಳಿಯುವಷ್ಟು ಅಗಲದ, ಮೊಳಕ್ಕಿಂತ ಉದ್ದದ ಕೊಳವೆ. ಬಿದಿರು ತಂದೆ, ಬಳ್ಳಾರಿಯ ಒಣಹವೆಗೆ ಅಡ್ಡ ಇಟ್ಟಲ್ಲೇ ಉದ್ದಕ್ಕೆ ಸೀಳಿತು. ಪ್ಲಾಸ್ಟಿಕ್ ಪೈಪಿನಲ್ಲಿ ಒಂದು ಮಾಡಿ ಚೆಂದಕ್ಕಿರಲಿ ಅಂತ ನೀಲಿ ಬಣ್ಣ ಹಚ್ಚಿ ಟೆರೇಸಿನ ತಗಡಿನ ಮೇಲೆ ಒಣಗಲು ಇಟ್ಟೆ. ಸಂಜೆ ಹೋಗಿ ನೋಡಿದರೆ ಅದು ಪಡವಲಕಾಯಿಯಂತೆ ಬಾಗಿಕೊಂಡು ಮಲಗಿತ್ತು. ನಮ್ಮೂರಿನ ಬಿಸಿಲನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು, ನನಗೇ ಬುದ್ಧಿ ಬೇಡವೇ. ಲೋಹದ್ದೇ ಆಗಬೇಕು ಎಂದು ತೀರ್ಮಾನಿಸಿದೆ.

ಲೋಹದ ಪೈಪು ಕೊಳ್ಳುವುದು ಇಷ್ಟು ಅವಮಾನದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಹಾರ್ಡ್‌ವೇರ್ ಅಂಗಡಿಗೆ ಹೆಂಗಸು ಒಬ್ಬಳೇ ಹೋದರೆ ಮೊದಲು ಆಕೆಯ ಹಿಂದೆ ಯಾರಾದರೂ ಗಂಡಸು ಬರುತ್ತಿದ್ದಾನೆಯೇ ಎಂದು ನೋಡುತ್ತಾರೆ. ಬರದಿದ್ದರೆ ದಾರಿ ಕೇಳಲು ಬಂದಿದ್ದಾಳೆ ಅಂದುಕೊಳ್ಳುತ್ತಾರೆ. ಒಬ್ಬನಂತೂ ಸೀಟಿ ಮಾಡಲು ಪೈಪು ಬೇಕು ಎಂದೊಡನೆ ಕುಕ್ಕರಿನ ಸೀಟಿ ತೆಗೆದು ಮುಂದಿಟ್ಟ. "ಇದು ಎಲ್ಲಾ ಕಂಪನಿಗೂ ಕೂಡತೈತಿ ರೀ" ಎಂದ. ನಮ್ಮ ಅಕ್ಕನಿಗೆ ಕೂಡುವುದಿಲ್ಲ ಎಂದು ಹೇಳಿ ಬಂದೆ.

ಕೌಲ್‌ಬಜಾರಿನ ಒಂದು ಸಂದಿಯಲ್ಲಿ ಬರೀ ಪೈಪುಗಳದೇ ಅಂಗಡಿ ಇದೆ ಎಂದು ಯಾರೋ ಹೇಳಿದರು. ಹೋದೆ. ಗಲ್ಲೆಯಲ್ಲಿ ದಪ್ಪ ಮೀಸೆಯವರೊಬ್ಬರು ಕೂತಿದ್ದರು. ನನ್ನನ್ನು ನೋಡಿ, "ಏಂ ಕಾವಾಲಮ್ಮಾ?" ಎಂದರು, ಏನು ಬೇಕಮ್ಮಾ ಅಂತ. ತೆಲುಗಿನವರು ಎಂದು ನನಗೆ ಖಾತ್ರಿಯಾಯಿತು. ಬಳ್ಳಾರಿಯಲ್ಲಿ ಹುಟ್ಟಿದ ಮೇಲೆ ತೆಲುಗು ಬಾರದವರು ಯಾರು? ಹಾಲಿನವಳ ಹತ್ತಿರ, ಸೊಪ್ಪಿನವಳ ಹತ್ತಿರ ಕಲಿತ ತೆಲುಗು ನನ್ನದು. ಅಷ್ಟು ದಿನ ಎಲ್ಲರ ಹತ್ತಿರ ಕನ್ನಡದಲ್ಲಿ ಬೈಸಿಕೊಂಡಾಗಿತ್ತು, ಈ ಸಲ ಮರ್ಯಾದೆಯಿಂದ ಮಾತಾಡಿ ಕೆಲಸ ಸಾಧಿಸೋಣ ಎಂದುಕೊಂಡೆ. ತೆಲುಗಿನಲ್ಲಿ ಕೊಳವೆಗೆ ಗೊಟ್ಟಂ ಎನ್ನುತ್ತಾರೆ, ಗೌರವಕ್ಕೆ ಕೊನೆಯಲ್ಲಿ ಗಾರು ಸೇರಿಸುತ್ತಾರೆ. ಎರಡನ್ನೂ ಕೂಡಿಸಿ, ಕೈ ಮುಗಿದು, "ಗೊಟ್ಟಂಗಾರು ಮೀರೇನಾಂಡಿ?" ಎಂದು ಕೇಳಿದೆ. ಪೈಪಿನ ಸಾಹುಕಾರರು ತಾವೇನಾ ಎಂಬುದು ನನ್ನ ಭಾವನೆ.

ಅಂಗಡಿಯಲ್ಲಿದ್ದ ಗಿರಾಕಿಗಳು ನನ್ನ ಕಡೆ ತಿರುಗಿದರು. ಪೈಪು ಕೊಯ್ಯುತ್ತಿದ್ದವನು ಕೊಯ್ಯುವುದು ನಿಲ್ಲಿಸಿದ. ಮೀಸೆಯವರು ಅಪ್ಪಟ ಕನ್ನಡದಲ್ಲಿ, "ನಾನು ಯಾವ ಗೊಟ್ಟಂಗಾಡೂ ಅಲ್ಲ ರೀ ಅಮ್ಮಾ. ಈ ಅಂಗಡಿ ಮಾಲೀಕ" ಎಂದರು.

ಗೊಟ್ಟಂಗಾಡು ಅಂದರೆ ತೆಲುಗಿನಲ್ಲಿ ಬೈಗುಳ. ಯಾವ ಲೆಕ್ಕಕ್ಕೂ ಇಲ್ಲದವನು ಎಂದು ಅರ್ಥ. ಅದಕ್ಕೆ ನಾನು ಗಾರು ಹಚ್ಚಿದ್ದೆ. ಅಂದರೆ ಆ ಮನುಷ್ಯನನ್ನು ಅವರದೇ ಅಂಗಡಿಯಲ್ಲಿ, ಅವರ ಗಿರಾಕಿಗಳ ಮುಂದೆ, ಕೈ ಮುಗಿದು, ಶ್ರೀಮಾನ್ ದಂಡಪಿಂಡ ಎಂದು ಕರೆದಿದ್ದೆ.

"ನೀವು ತೆಲುಗಿನವರು ಅಂತ ನಾನು ತೆಲುಗು ಮಾತಾಡಿದೆ" ಎಂದೆ.

"ನೀವು ತೆಲುಗಿನವರು ಅಂತ ನಾನು ಮಾತಾಡಿದೆ. ನಾವು ಕನ್ನಡದವರು, ನಮ್ಮೂರು ಹಲಕುಂದಿ ರೀ" ಎಂದರು ಅವರು. ಆಮೇಲೆ ನಗು ತಡೆಯಲಾಗದೆ ಮೀಸೆ ಒರೆಸಿಕೊಂಡರು. ಪೈಪು ಕೊಯ್ಯುವವನು ಮಾತ್ರ ನಾನು ಹೋಗುವವರೆಗೂ ಅವರನ್ನು ನೋಡಿ ನೋಡಿ ನಗುತ್ತಿದ್ದ. ಇವತ್ತಿಗೂ ಆ ಸಂದಿಯಲ್ಲಿ ಅವರನ್ನು ಅದೇ ಹೆಸರಿನಿಂದ ಕರೆಯುತ್ತಾರೆಂದು ನಮ್ಮನೆಯವರು ಹೇಳುತ್ತಾರೆ. ನಾನು ಆ ಕಡೆ ಹೋಗಿಲ್ಲ.

ಅಲ್ಲಿಗೇ ಬಿಟ್ಟಿದ್ದರೆ ಮರ್ಯಾದೆಯಿಂದ ಮನೆಗೆ ಬರುತ್ತಿದ್ದೆ. ಮೂಲೆಯಲ್ಲಿ ಕೊಯ್ದು ನಿಲ್ಲಿಸಿದ್ದ ತುಂಡು ಪೈಪುಗಳು ಕಂಡವು. ಒಂದನ್ನು ಎತ್ತಿ ತುದಿಗೆ ತುಟಿಯಿಟ್ಟು, ಬಾಟಲಿಯ ಬಾಯಿ ಊದುವ ಹಾಗೆ ಊದಿದೆ. ಬೂಂ ಎಂದಿತು. ಖುಷಿಯಾಗಿ ಅದರ ಪಕ್ಕದ್ದನ್ನೂ ಊದಿದೆ, ಅದರ ಪಕ್ಕದ್ದನ್ನೂ. ಮಾಲೀಕರ ನಗು ಇಳಿದುಹೋಯಿತು.

"ಅಮ್ಮಾ, ಏನ್ ಮಾಡೀರಿ ನೀವು? ಅವು ಗುಡಿ ರೇಲಿಂಗಿಗೆ ಅಂತ ಕೊಯ್ಸಿಟ್ಟಿದ್ದು. ಎಂಜಲ ಮಾಡಿಬಿಟ್ರಿ."

"ತೊಳದ್ರ ಹೋಗತೈತಿ."

"ಹೊರಗ ತೊಳಿಬಹುದು. ಒಳಗ ಹೋಗಿದ್ದ ನಿಮ್ಮ ಉಸಿರು?"

ನಾನು ಊದಿದ ಪೈಪುಗಳನ್ನೆಲ್ಲ ನಾನೇ ಕೊಳ್ಳಬೇಕಾಯಿತು. ಆಟೋದಲ್ಲಿ ಹಾಕಿಕೊಂಡು ಬಂದೆ. ನಮ್ಮನೆಯವರು ಬಾಗಿಲಲ್ಲೇ ನಿಂತು, "ಗುಡಿ ಕಟ್ಟಸ್ತೀಯೇನು?" ಎಂದು ಕೇಳಿದರು. ಹೇಗೆ ಗೊತ್ತಾಯಿತೋ ಶಿವನೇ ಬಲ್ಲ. ಆ ಪೈಪು ದಪ್ಪ ಕಬ್ಬಿಣದ್ದು. ಅದಕ್ಕೆ ಸೀಟಿಯ ಕಂಡಿ ಕೊರೆಯಲು ಹೋಗಿ ಎರಡು ಅರ ಸವೆದವು, ಪೈಪು ಸವೆಯಲಿಲ್ಲ. ಈಗ ಅವು ಟೆರೇಸಿನಲ್ಲಿ ಬಟ್ಟೆ ಒಣಗಿಸುವ ಹಗ್ಗವನ್ನು ಹಿಡಿದು ನಿಂತಿವೆ.

ಇಷ್ಟಾದ ಮೇಲೆ ಸಾಕು ಎನಿಸಿತ್ತು. ಅಷ್ಟರಲ್ಲಿ ಒಂದು ದಿನ ಕುರುಗೋಡಿಗೆ ಹೋದಾಗ ಅಕ್ಕ, ಏನೋ ತಮಾಷೆ ಹೇಳುವವಳ ಹಾಗೆ, ಆ ವಾರದ ಕತೆ ಹೇಳಿದಳು. ಮಧ್ಯಾಹ್ನ ಜ್ವರ ಬಂದು ಒಳಗಿನ ಕೋಣೆಯಲ್ಲಿ ಮಲಗಿದ್ದಳಂತೆ. ನೀರು ಬೇಕಾಗಿತ್ತು, ಏಳಲು ಆಗಲಿಲ್ಲ. ಭಾವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ, ಬಾಗಿಲಿನಿಂದ ಕಾಣುವ ಹಾಗೆಯೇ ಕೂತಿದ್ದರು. ಇವಳು ಕರೆದಳು, ಕರೆದಳು, ಆಮೇಲೆ ಕರೆಯುವುದು ಬಿಟ್ಟು ಅವರ ಬೆನ್ನು ನೋಡುತ್ತ ಮಲಗಿದಳು. ಸಂಜೆ ಭಾವ ಚಹಾ ಯಾಕೆ ಬರಲಿಲ್ಲ ಎಂದು ಒಳಗೆ ಬಂದು ನೋಡಿ, ಅವಳ ಹಣೆ ಮುಟ್ಟಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರಂತೆ.

"ಅವರು ಅತ್ರು ನೋಡು" ಎಂದಳು ಅಕ್ಕ. "ನನಗ ಅವರು ಅತ್ತಿದ್ದ ತಡಕಳ್ಳಾಕ ಆಗಲಿಲ್ಲ."

ನಾನು ಮರುದಿನವೇ ಸಿರುಗುಪ್ಪದ ಬಸ್ಸು ಹತ್ತಿದೆ. ಅಲ್ಲಿ ನಮ್ಮ ನಾದಿನಿಯ ಮನೆ. ಗದ್ದೆಯವರು, ಮಷೀನು, ಪಂಪು ಎಲ್ಲ ಇರುವವರು, ಏನಾದರೊಂದು ಕೊಳವೆ ಸಿಗುತ್ತದೆ ಎಂಬ ಆಸೆ. ನಾದಿನಿ ಒಳ್ಳೆಯವಳು. ಕೇಳಿದ ಕೂಡಲೇ ಭತ್ತಕ್ಕೆ ಔಷಧಿ ಹೊಡೆಯುವ ಪಂಪಿನ ಹಿತ್ತಾಳೆ ನಳಿಗೆಯನ್ನು ತಿರುವಿ ಬಿಚ್ಚಿ ಕೈಗೆ ಕೊಟ್ಟಳು. ಥಳಥಳ ಹೊಳೆಯುತ್ತಿತ್ತು. ಮೂಗಿನ ಹತ್ತಿರ ಹಿಡಿದೆ, ತಲೆ ಗಿರ್ ಎಂದಿತು.

"ಇದನ್ನ ಬಾಯಾಗ ಇಟ್ರ ನಮ್ಮಕ್ಕ ಭಾವನ್ನ ಅಲ್ಲ, ಯಮನ್ನ ಕರೀತಾಳ" ಎಂದೆ.

ಆಮೇಲೆ ಅವಳು ಮಾಳಿಗೆಯ ಮೇಲಿನ ಹಳೇ ಟಿವಿ ಆಂಟೆನಾ ತೋರಿಸಿದಳು. ಅದು ಅಲ್ಯುಮಿನಿಯಂ, ಹಗುರ, ಊದಿದರೆ ಸದ್ದೂ ಬಂತು. ಆದರೆ ಕಿರುಬೆರಳಿನ ಗಾತ್ರದ್ದು. ಆ ತೆಳ್ಳನೆಯ ಸದ್ದಿಗೆ ಓಣಿಯ ನಾಯಿಗಳೆಲ್ಲ ಬಂದು ಬಾಗಿಲಲ್ಲಿ ನಿಂತವು. ನಾದಿನಿ ರೊಟ್ಟಿ ಹಾಕಿ ಕಳಿಸಿದಳು.

ಊಟವಾದ ಮೇಲೆ ಮನೆಮಂದಿಯೆಲ್ಲ ಮಲಗಿದರು. ಸಿರುಗುಪ್ಪದಲ್ಲಿ ಮಧ್ಯಾಹ್ನ ಸೋನಾಮಸೂರಿ ಅನ್ನ ಉಂಡವರು ಏಳುವುದು ಚಹದ ಹೊತ್ತಿಗೇ. ನನ್ನನ್ನು ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ನಿದ್ದೆ ಬರಲಿಲ್ಲ. ಅಂಗಾತ ಮಲಗಿ ಕಿಟಕಿಯನ್ನು ನೋಡುತ್ತಿದ್ದೆ. ಕಿಟಕಿಗೆ ಗುಲಾಬಿ ಹೂವಿನ ಪರದೆ. ಪರದೆ ಎಲ್ಲಿ ನೇತಾಡುತ್ತಿದೆ ಎಂದು ನೋಡಿದೆ. ಸ್ಟೀಲಿನ ಪೈಪಿಗೆ. ತೆಳು ತಗಡಿನದು, ಹೊಳೆಯುವುದು, ತುಕ್ಕು ಹಿಡಿಯದ್ದು, ಹೆಬ್ಬೆರಳು ಸಲೀಸಾಗಿ ಇಳಿಯುವ ಅಗಲದ್ದು. ಜಿಲ್ಲೆಯೆಲ್ಲ ಸುತ್ತಿ ಹುಡುಕಿದ ಸಾಮಾನು ಮೂಗಿನ ಮೇಲೆಯೇ ತೂಗುತ್ತಿತ್ತು. ನಮ್ಮ ಮನೆಯಲ್ಲೂ ಎಲ್ಲ ಕಿಟಕಿಗೂ ಇಂಥದ್ದೇ ಇದೆ, ನಾನೇ ಕೊಡಿಸಿದ್ದು. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ ಬೈಯಲು ಯಾರಾದರೂ ಎದ್ದಿದ್ದಾರೆಯೇ ಎಂದು ನೋಡಿದೆ.

ಬಳ್ಳಾರಿಗೆ ಹೋಗಿ ನಮ್ಮದನ್ನೇ ಬಿಚ್ಚಬಹುದಿತ್ತು, ಒಪ್ಪಿದೆ. ಆದರೆ ತಡೆಯಲಾಗಲಿಲ್ಲ. ಕುರ್ಚಿ ಹಾಕಿಕೊಂಡು ಹತ್ತಿ, ಪೈಪನ್ನು ಪರದೆಯ ಸಮೇತ ಇಳಿಸಿ, ಪರದೆಯನ್ನು ಹೆಗಲ ಮೇಲೆ ಹಾಕಿಕೊಂಡು, ತುದಿಗೆ ತುಟಿಯಿಟ್ಟು ಮೆಲ್ಲಗೆ ಊದಿದೆ.

ಊಂ ಎಂದಿತು. ದಪ್ಪಗೆ, ಮೆತ್ತಗೆ, ಕೋಣೆಯ ಗೋಡೆಗೆಲ್ಲ ತಾಗಿ ಬರುವ ಹಾಗೆ. ಇನ್ನೊಂದು ಸಲ, ಇನ್ನೂ ಜೋರಾಗಿ ಊದಿದೆ.

ಒಳಗಿನಿಂದ ನಾದಿನಿಯ ಅತ್ತೆ ಚೀರಿದ್ದು ಕೇಳಿತು. "ಗೂಬಿ. ಮನಿ ಒಳಗ ಗೂಬಿ ಕೂಗಾಕ ಹತ್ತೈತಿ."

ಮನೆಯೊಳಗೆ ಗೂಬೆ ಕೂಗಿದರೆ ನಮ್ಮ ಕಡೆ ಸಣ್ಣ ವಿಷಯವಲ್ಲ. ಮನೆ ಬಿಟ್ಟು ಹೋಗಿ ಶಾಂತಿ ಮಾಡಿಸಿ ಬರುವವರಿದ್ದಾರೆ. ಅದೂ ಹಾಡುಹಗಲಲ್ಲಿ ಕೂಗಿದರೆ ಕೇಳಬೇಕೆ. ಎಲ್ಲರೂ ಎದ್ದು ಓಡಿ ಬಂದರು. ಗುಲಾಬಿ ಪರದೆ ಹೊದ್ದು, ಕುರ್ಚಿಯ ಮೇಲೆ ನಿಂತು, ಪೈಪು ಕಚ್ಚಿಕೊಂಡಿದ್ದ ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು.

"ವೈನಿ, ನಮ್ಮ ಪರದಿ ಯಾಕ ಬಿಚ್ಚೀರಿ?" ಎಂದಳು ನಾದಿನಿ.

ನಾನು ಎಲ್ಲ ಹೇಳಿದೆ. ಅಕ್ಕ, ಭಾವ, ಬಸ್ಸು, ಜ್ವರ, ಎಲ್ಲ. ಹೇಳುತ್ತ ಹೇಳುತ್ತ ಕುರ್ಚಿಯ ಮೇಲೆ ನಿಂತೇ ಕಣ್ಣಲ್ಲಿ ನೀರು ಬಂತು. ನಾದಿನಿಗೂ ಬಂತು. ಅವಳ ಅತ್ತೆ ಮಾತ್ರ ದೂರದಲ್ಲೇ ನಿಂತು, "ನಮ್ಮವ್ವಾ, ನಿನ್ನ ಕತಿ ಖರೇ ಇರಬಹುದು. ಆ ಪೈಪಿನ್ಯಾಗ ಗೂಬಿ ಕೂಗೈತಿ. ಇನ್ನ ಅದು ಈ ಮನ್ಯಾಗ ಇರಬಾರ್ದು, ತಗಂಡ ಹೋಗು" ಎಂದರು. ಪರದೆಯನ್ನೂ ಕೊಟ್ಟುಬಿಟ್ಟರು. ಬಸ್‌ಸ್ಟ್ಯಾಂಡಿಗೆ ಹೊರಟಾಗ ನನ್ನ ಹಿಂದೆ ಹೊಸ್ತಿಲಿಗೆ ನೀರು ಚೆಲ್ಲಿದ್ದೂ ಕೇಳಿತು, ನಾನು ತಿರುಗಿ ನೋಡಲಿಲ್ಲ.

ಮಾಡಲು ಹೆಚ್ಚು ದಿನ ಹಿಡಿಯಲಿಲ್ಲ. ಮೊಳದ ಮೇಲೆ ಗೇಣು ಉದ್ದಕ್ಕೆ ಕೊಯ್ದು, ಮೇಲಿನ ತುದಿಯ ಹತ್ತಿರ ಚೌಕದ ಕಂಡಿ ಕೊರೆದು, ಅದರ ಅಂಚನ್ನು ಅರದಿಂದ ಹರಿತ ಮಾಡಿದೆ. ಬಾಯಿಗೆ ಇಡುವ ಕಡೆ ಕಟ್ಟಿಗೆಯ ಬಿರಡೆ ಬೇಕು, ಗಾಳಿ ಹೋಗಲು ಒಂದು ಕಡೆ ಸಣ್ಣ ಸಂದು ಬಿಟ್ಟು. ಅಷ್ಟು ದಪ್ಪದ ಗಟ್ಟಿ ಕಟ್ಟಿಗೆ ಮನೆಯಲ್ಲಿ ಲಟ್ಟಣಿಗೆಯ ಹಿಡಿ ಒಂದೇ. ಅದನ್ನೇ ಕೊಯ್ದೆ. ಅರ ಉಜ್ಜುವ ಸದ್ದಿಗೆ ನಮ್ಮನೆಯವರ ಹಲ್ಲು ಜುಂ ಎನ್ನುತ್ತಿತ್ತಂತೆ. "ನಿಮ್ಮ ಭಾವನ ಕಿವಿ ಸರಿ ಮಾಡಾಕ ಹೋಗಿ ನನ್ನ ಕಿವಿ ತಗೀತಿ ನೀನು" ಎಂದರು. ಹಾಗಾದರೆ ನಿಮಗೂ ಒಂದು ಪೈಪು ತರುತ್ತೇನೆ ಎಂದೆ. ಪಕ್ಕದ ಬೀದಿಯ ಗೆಳೆಯರ ಮನೆಗೆ ಎದ್ದು ಹೋದರು.

ಕುರುಗೋಡಿಗೆ ಹೋದ ದಿನ ಅಕ್ಕನಿಗೆ ಅದನ್ನು ನೋಡುವ ಮನಸ್ಸೂ ಇರಲಿಲ್ಲ. ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. "ಇದೇನು ತಂದಿ, ಕೋಲಾಟದ ಕೋಲು?" ಎಂದು ಸುಸ್ ಎಂದಳು. "ಸಾಕು ಬಿಡು. ಮತ್ತೊಮ್ಮಿ ಕೇಳಲಿಲ್ಲಂದ್ರ ನನಗ ಆಗಂಗಿಲ್ಲ."

ಪೈಪನ್ನು ಮುಟ್ಟದೆ ಇನ್ನೊಂದು ಬೆಳ್ಳುಳ್ಳಿ ಗಡ್ಡೆ ಎತ್ತಿಕೊಂಡಳು. ಅದನ್ನು ನೋಡಿ ನನಗೂ ಹೆದರಿಕೆಯಾಯಿತು. ಅಲ್ಲಿಯವರೆಗೆ ನನಗೆ ಸಿಟ್ಟಿತ್ತು, ಹಟವಿತ್ತು, ಪೈಪು ಸಿಕ್ಕಿದ ಖುಷಿಯಿತ್ತು. ಕೇಳದೆ ಹೋದರೆ ಏನು ಮಾಡುವುದು ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ. ವಾಪಸ್ ತೆಗೆದುಕೊಂಡು ಹೋಗಿಬಿಡಲೇ ಅನ್ನಿಸಿತು.

ಅಷ್ಟರಲ್ಲಿ ಅವಳೇ ಕೈ ಒರೆಸಿಕೊಂಡು ಪೈಪನ್ನು ಎತ್ತಿಕೊಂಡಳು. ಅಡುಗೆಮನೆಯ ಬಾಗಿಲಿಗೆ ಬಂದಳು. ಭಾವ ಅಂಗಳದ ಆ ತುದಿಯಲ್ಲಿ, ನಮಗೆ ಬೆನ್ನು ಮಾಡಿ, ಮಂಚದ ಹಗ್ಗ ಬಿಗಿಯುತ್ತಿದ್ದರು. ಅಕ್ಕ ಊದಿದಳು. ಮೊದಲ ಸಲ ಬರೀ ಗಾಳಿ ಹೋಯಿತು, ಅವಳ ಮಾತಿನಂತೆಯೇ. ತುಟಿ ಬಿಗಿಯಾಗಿ ಹಿಡಿ ಎಂದು ಅವಳ ಕಿವಿಯಲ್ಲಿ ಹೇಳಿದೆ. ಅವಳು ಕಣ್ಣು ಮುಚ್ಚಿ, ಹೊಟ್ಟೆಯೊಳಗಿನ ಉಸಿರನ್ನೆಲ್ಲ ಎಳೆದು ಊದಿದಳು. ಅಂಗಳದ ತುಂಬ ಆ ಸದ್ದು ಹೋಯಿತು.

ಭಾವ ತಿರುಗಲಿಲ್ಲ. ಹಗ್ಗದ ತುದಿಯನ್ನು ಹಲ್ಲಿನಿಂದ ಬಿಡಿಸಿ, ಗಂಟು ಹಾಕುತ್ತ, "ಬಂದ್ನೇ ಮಾರಾಯ್ತಿ. ಯಾಕ ಹಂಗ ಒದರಾಕ ಹತ್ತೀದಿ, ನಾನೇನು ಕಿವುಡ ಅದೀನೇನು?" ಎಂದರು.

ಅಕ್ಕ ಬಾಗಿಲಿಗೆ ಒರಗಿದಳು. ಸದ್ದಿಲ್ಲದೆ ನಗತೊಡಗಿದಳು. ಕಣ್ಣಿಂದ ನೀರು ಇಳಿದು ಕೆನ್ನೆಯ ಮೇಲೆ ಹೋಗುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡು, "ನನಗ ಬೈದ್ರು" ಎಂದಳು. "ಕೇಳಿದೇನ, ನನಗ ಒದರಬ್ಯಾಡ ಅಂದ್ರು."

ಆಮೇಲೆ ಪೈಪನ್ನು ಮತ್ತೆ ತುಟಿಗಿಟ್ಟು ಊದಿದಳು. ಅವಳಿಗೆ ಏನೂ ಬೇಕಾಗಿರಲಿಲ್ಲ. ಭಾವ ಹಗ್ಗ ಬಿಟ್ಟು ಎದ್ದು, ಗೊಣಗುತ್ತ, ಅವಳ ಕಡೆಗೆ ನಡೆದು ಬಂದರು.